ಸುರಪುರದ ‘ಅಪ್ಪ’ ಮತ್ತು ರೆಸಿಡೆಂಟನ ಕಣ್ಣು

ಯಾದಗಿರಿಯಿಂದ ಶಹಾಪುರದ ಮೇಲೆ ಸುರಪುರಕ್ಕೆ ಹೋದವರಿಗೆ ಊರಿನವರು ಗುಡ್ಡದ ಮೇಲಿನ ಟೇಲರ್ ಮಂಜಿಲ್ ತೋರಿಸದೆ ಕಳಿಸುವುದಿಲ್ಲ. ಅದನ್ನು ಕಟ್ಟಿಸಿದ ಫಿಲಿಪ್ ಮೆಡೋಸ್ ಟೇಲರನನ್ನು (1808-1876) ನಾವು ಇಂದಿಗೂ ಒಳ್ಳೆಯ ಆಂಗ್ಲನೆಂದೇ ನೆನೆಯುತ್ತೇವೆ. ಅದು ಸುಳ್ಳೂ ಅಲ್ಲ. ಶಹಾಪುರದ ಹತ್ತಿರದ ವಿಭೂತಿಹಳ್ಳಿಯ ಕಲ್ಲುಸಾಲುಗಳನ್ನು ವಿದ್ವಾಂಸರ ಗಮನಕ್ಕೆ ತಂದವನು ಅವನೇ.

ಆದರೆ 1841ರಲ್ಲಿ ಅವನು ಸುರಪುರಕ್ಕೆ ಬಂದದ್ದು ಹೈದರಾಬಾದಿನ ಬ್ರಿಟಿಷ್ ರೆಸಿಡೆಂಟ್ ಕಳಿಸಿದ್ದರಿಂದ. ದೊರೆ ಕೃಷ್ಣಪ್ಪ ನಾಯಕ ತೀರಿಕೊಂಡ ಮೇಲೆ ಎಳೆಯ ವೆಂಕಟಪ್ಪ ನಾಯಕನನ್ನು ಟೇಲರ್ ಮಗನಂತೆ ಬೆಳೆಸಿದ. ಹುಡುಗ ಅವನನ್ನು ‘ಅಪ್ಪ’ ಎಂದೇ ಕರೆಯುತ್ತಿದ್ದ. ಅರಮನೆಯ ಒಳಗುಟ್ಟು ತಿಳಿದ ಆ ಅಪ್ಪನೇ ರೆಸಿಡೆಂಟನಿಗೆ ವರದಿ ಬರೆಯುವ ಅಧಿಕಾರಿಯೂ ಆಗಿದ್ದ. 1853ರಲ್ಲಿ ರಾಜ್ಯವನ್ನು ಯುವಕ ದೊರೆಗೆ ಒಪ್ಪಿಸಿ ಹೊರಟುಹೋದ.

1858ರ ಫೆಬ್ರವರಿಯಲ್ಲಿ ಬೇಡ ನಾಯಕರು, ಅರಬರು, ರೊಹಿಲ್ಲರು ಒಟ್ಟಾಗಿ ಕಂಪನಿಯ ಪಡೆಯ ಮೇಲೆ ಬಿದ್ದರು. ಸೋಲು ಖಚಿತವಾದಾಗ ರಾಜ ಹೈದರಾಬಾದಿಗೆ ಓಡಿದ. ಅಲ್ಲಿ ಸಿಕ್ಕಿಬಿದ್ದವನನ್ನು ಸಾಲಾರ್ ಜಂಗ್ ಆಂಗ್ಲರಿಗೆ ಒಪ್ಪಿಸಿದರು. ಆಗ ಸೆರೆಮನೆಗೆ ಬಂದವನು ಯಾರು? ಅದೇ ಅಪ್ಪ. ದಂಗೆಗೆ ಪ್ರೇರೇಪಿಸಿದವರು ಯಾರೆಂಬ ಪ್ರಶ್ನೆಯೂ ಜೊತೆಗೆ ಬಂತು. ರಾಜ ಒಂದು ಹೆಸರನ್ನೂ ಹೇಳಲಿಲ್ಲ. ಕಳ್ಳನಂತೆ ನೇಣು ಬೇಡ, ತೋಪಿನ ಬಾಯಿಗೆ ಕಟ್ಟಿ ಹಾರಿಸಲಿ ಎಂದ. ಮರಣದಂಡನೆ ಇಳಿದಿಳಿದು ನಾಲ್ಕು ವರ್ಷದ ಸೆರೆಯಾಯಿತು. ಚೆಂಗಲ್ಪಟ್ಟಿಗೆ ಒಯ್ಯುವ ದಾರಿಯಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿನಿಂದ ಅವನ ಪ್ರಾಣ ಹೋಯಿತು.

ಟೇಲರನಿಗೆ ಪ್ರೀತಿ ಇರಲಿಲ್ಲವೆಂದು ನಾವು ಹೇಳಲಾರೆವು. ಪ್ರೀತಿಯೂ ನಿಜ, ವರದಿಯೂ ನಿಜ. ನಮ್ಮನ್ನು ಕಾಡುವುದೇ ಅದು. ಕ್ಯಾಮೆರಾವೂ ಇಂಥ ಎರಡು ಮನೆಯ ಊಟ ಉಂಡಿದೆ. 1868ರಿಂದ 1875ರವರೆಗೆ ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ ಎಂಟು ಸಂಪುಟಗಳ ಭಾವಚಿತ್ರಮಾಲೆ ಲಂಡನ್ನಿನಲ್ಲಿ ಅಚ್ಚಾಯಿತು. ಸಂಪಾದಕರಲ್ಲಿ ಒಬ್ಬನಾದ ಜಾನ್ ಕೇ, ಇಂಡಿಯಾ ಆಫೀಸಿನ ರಾಜಕೀಯ ಮತ್ತು ರಹಸ್ಯ ಇಲಾಖೆಯ ಕಾರ್ಯದರ್ಶಿ. ಚಿತ್ರಗಳಿಗೆ ವಿವರಣೆ ಬರೆದವರಲ್ಲಿ ನಮ್ಮ ಟೇಲರನೂ ಇದ್ದ! ಮುಂದೆ ಇಂಗ್ಲೆಂಡಿನಲ್ಲೇ ಇದು ತಿರುಗುಬಾಣವಾಯಿತು. ಬಡವರ ಕೇರಿಗಳನ್ನು ಕಳಕಳಿಯಿಂದ ಚಿತ್ರಿಸಿದ ಕಮ್ಯುನಿಸ್ಟ್ ಛಾಯಾಗ್ರಾಹಕಿ ಎಡಿತ್ ಟ್ಯೂಡರ್-ಹಾರ್ಟ್, 1934ರಲ್ಲಿ ಕಿಮ್ ಫಿಲ್ಬಿಯನ್ನು ಲಂಡನ್ನಿನ ಉದ್ಯಾನವೊಂದಕ್ಕೆ ಕರೆದೊಯ್ದು ಸೋವಿಯತ್ ಗೂಢಚಾರನಿಗೆ ಪರಿಚಯಿಸಿದಳು. ಆಕೆಯ ಚಿತ್ರಗಳೂ ಸುಳ್ಳಲ್ಲ.

ಸೆರೆಮನೆಯ ಆ ಮಾತುಕತೆ ನಮಗೆ ದೊರೆತಿರುವುದು 1877ರಲ್ಲಿ ಪ್ರಕಟವಾದ ಟೇಲರನ ಆತ್ಮಕಥೆಯಿಂದ. ರಾಜನ ಮೌನವನ್ನೂ ನಾವು ಅವನ ಬಾಯಿಂದಲೇ ಕೇಳಬೇಕಾಗಿದೆ.