ದೊಡ್ಡ ಮೀನಿನ ಗಾಳದಲ್ಲಿ ಗಂಟಿನ ಬಲ: ಬಿಮಿನಿ ಸುರುಳಿ ಮತ್ತು ಎಫ್‌ಜಿ ಗಂಟು

ಗಂಟು ಹಾಕಿದ ದಾರ ತನ್ನ ಪೂರ್ಣ ಬಲಕ್ಕೆ ಮೊದಲೇ ಹರಿಯುತ್ತದೆ. ಈ ನಷ್ಟ ಎಷ್ಟು ದುಬಾರಿಯೆಂದು ತಿಳಿಯಲು ರೀಲಿನಿಂದಲೇ ಲೆಕ್ಕ ಶುರುಮಾಡಬೇಕು. 36 ಕಿಲೋ ತಡೆಯುವ ದಾರಕ್ಕೆ ರೀಲಿನ ಡ್ರ್ಯಾಗನ್ನು, ಅಂದರೆ ದಾರ ಬಿಚ್ಚಿಕೊಳ್ಳುವುದನ್ನು ತಡೆಯುವ ಬ್ರೇಕನ್ನು, ಸುಮಾರು ಮೂರನೇ ಒಂದು ಭಾಗಕ್ಕೆ, ಅಂದರೆ 12 ಕಿಲೋಗೆ ಬಿಗಿಯುವುದುಂಟು. ಮಾರ್ಲಿನ್ ಅಥವಾ ಟ್ಯೂನಾ ದಾರ ಎಳೆದುಕೊಂಡು ಓಡಿದಂತೆ ರೀಲಿನಲ್ಲಿ ಉಳಿದ ಸುತ್ತುಗಳ ವ್ಯಾಸ ಕುಗ್ಗುತ್ತದೆ. ಡ್ರ್ಯಾಗಿನ ತಿರುಗುಬಲ ಬದಲಾಗದ್ದರಿಂದ, ವ್ಯಾಸ ಅರ್ಧಕ್ಕಿಳಿದಾಗ ದಾರದ ಮೇಲಿನ ಎಳೆತ 24 ಕಿಲೋ ಆಗುತ್ತದೆ. ನೀರು ದಾರವನ್ನು ತಡೆಯುವ ಬಲ ಬೇರೆ. ದಾರದ ಬಲದಲ್ಲಿ ಶೇ. 60ನ್ನಷ್ಟೇ ಉಳಿಸಿಕೊಳ್ಳುವ ಗಂಟು 21.6 ಕಿಲೋಗೇ ಕೈಕೊಟ್ಟಿರುತ್ತದೆ. ಮೊದಲ ಹೊಡೆತವನ್ನು ತಡೆದ ಗಂಟು ದೂರದ ಓಟದಲ್ಲಿ ಸೋಲುವುದಕ್ಕೆ ಇದೇ ಕಾರಣ.

ಪೂರ್ತಿ ಭಾರ ಹೊತ್ತ ದಾರ ತಟ್ಟನೆ ಬಾಗುವ ಜಾಗವೇ ಗಂಟಿನ ದುರ್ಬಲ ಬಿಂದು. ಬಹಾಮಾಸ್‌ನ ಬಿಮಿನಿ ದ್ವೀಪದ ಹೆಸರು ಹೊತ್ತ ಸುರುಳಿಗಂಟು ಆ ಬಾಗುವಿಕೆಯನ್ನು ಮುಂದೂಡುತ್ತದೆ. ದಾರವನ್ನು ಇಮ್ಮಡಿಸಿ ಸುಮಾರು 20 ಬಾರಿ ಹುರಿಗೊಳಿಸಿ, ಆ ಹುರಿಯ ಮೇಲೆಯೇ ಮತ್ತೆ ಸುತ್ತಿದಾಗ ಘರ್ಷಣೆ ಎಳೆತವನ್ನು ಸುತ್ತಿನಿಂದ ಸುತ್ತಿಗೆ ತಗ್ಗಿಸುತ್ತದೆ. ಧಕ್ಕೆಯ ಕಂಬಕ್ಕೆ ನಾಲ್ಕು ಸುತ್ತು ಹಾಕಿದ ಹಗ್ಗದಿಂದ ಒಬ್ಬನೇ ದೋಣಿಯನ್ನು ಹಿಡಿದು ನಿಲ್ಲಿಸುವುದೂ ಇದೇ ತತ್ತ್ವದಿಂದ. ಸರಿಯಾಗಿ ಕಟ್ಟಿದ ಬಿಮಿನಿ ದಾರದ ಬಲವನ್ನು ಬಹುಮಟ್ಟಿಗೆ ಪೂರ್ತಿಯಾಗಿಯೇ ಉಳಿಸುತ್ತದೆ. ಅದರಿಂದ ಸಿಗುವ ಇಮ್ಮಡಿ ದಾರದ ಕುಣಿಕೆಯಲ್ಲಿ ಭಾರ ಹಂಚಿಹೋಗುವುದರಿಂದ ಮುಂದಿನ ಗಂಟಿಗೂ ಉಸಿರಾಡಲು ಜಾಗವಿದೆ.

ಹೆಣೆದ ಪಾಲಿಎಥಿಲೀನ್ ದಾರ ಬಂದ ಮೇಲೆ ಸುತ್ತುಗಳ ಹಳೆಯ ಎಣಿಕೆ ಸಾಲದಾಯಿತು. ಘರ್ಷಣಾಂಕ ನೈಲಾನಿಗೆ 0.2, ಪಾಲಿಎಥಿಲೀನಿಗೆ 0.08 ಎಂದು ಇಟ್ಟುಕೊಳ್ಳೋಣ. ಸುತ್ತಿದ ಹಗ್ಗದ ಘರ್ಷಣೆಯನ್ನು ಲೆಕ್ಕಹಾಕುವ ಆಯ್ಲರನ ಸೂತ್ರದಂತೆ ನೈಲಾನಿನ ಮೂರು ಸುತ್ತು ಎಳೆತವನ್ನು 43 ಪಟ್ಟು ತಗ್ಗಿಸುತ್ತದೆ. ಪಾಲಿಎಥಿಲೀನಿಗೆ ಅಷ್ಟಕ್ಕೇ ಏಳೂವರೆ ಸುತ್ತು ಬೇಕು. ನೈಲಾನಿಗೆ ಒಗ್ಗಿದ ಗಂಟು ಈ ದಾರದಲ್ಲಿ ಹರಿಯುವುದಕ್ಕಿಂತ ಮೊದಲು ಜಾರುವುದು ಇದರಿಂದಲೇ. ಹೆಣೆದ ದಾರವನ್ನು ಲೀಡರ್‌ಗೆ, ಅಂದರೆ ಗಾಳದ ಕಡೆಯ ದಪ್ಪ ದಾರಕ್ಕೆ, ಜೋಡಿಸುವ ಎಫ್‌ಜಿ ಗಂಟಿನಲ್ಲಿ ಲೀಡರ್ ನೆಟ್ಟಗಿರುತ್ತದೆ. ಹೆಣೆದ ದಾರ ಮಾತ್ರ ಅದರ ಸುತ್ತ ಅತ್ತಿತ್ತ ಅಡ್ಡಹಾಯ್ದು, ಎಳೆದಷ್ಟೂ ಅದನ್ನು ಕಚ್ಚುತ್ತದೆ. ಗಂಟು ತೆಳ್ಳಗಿರುವುದರಿಂದ ಕೋಲಿನ ಬಳೆಗಳಲ್ಲಿ ಸಲೀಸಾಗಿ ಹಾಯುತ್ತದೆ. ಪಾಪರ್ ಎಂಬ ಕೃತಕ ಆಮಿಷ ಎಸೆದು ದೈತ್ಯ ಟ್ರೆವಾಲಿ ಮೀನು ಹಿಡಿಯುವವರಿಗೆ ನನ್ನ ಆಯ್ಕೆ ಇದೇ.

ಬಿಮಿನಿಯಿಂದ ಸಿಗುವ ಇಮ್ಮಡಿ ದಾರವನ್ನು ಮನಬಂದಷ್ಟು ಉದ್ದ ಬಿಡುವಂತಿಲ್ಲ. 1939ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಗಾಳಮೀನುಗಾರಿಕೆ ಸಂಸ್ಥೆಯ ದಾಖಲೆ ನಿಯಮದಂತೆ, ಸಮುದ್ರದ ಭಾರೀ ದರ್ಜೆಗಳಲ್ಲಿ ಇಮ್ಮಡಿ ದಾರ, ಲೀಡರ್ ಎರಡೂ ಸೇರಿ 40 ಅಡಿ ಮೀರಕೂಡದು.

ನೈಲಾನ್ ನೀರು ಹೀರಿದಾಗ ಬಲ ಕಳೆದುಕೊಳ್ಳುತ್ತದೆ. ಪಾಲಿಎಥಿಲೀನ್ ಹೀರುವುದೇ ಇಲ್ಲ. ಒಣ ದಾರವನ್ನು ನಿಧಾನಕ್ಕೆ ಎಳೆದು ಪಡೆದ ಅಂಕಿಗಳಿಂದ ಈ ಎರಡನ್ನು ಹೋಲಿಸುವುದು ನ್ಯಾಯವಲ್ಲ. ದಾರವನ್ನು ಉಪ್ಪುನೀರಿನಲ್ಲಿ ನೆನೆಸಿ, ಜಗ್ಗಿ ಬಿಟ್ಟು ಮತ್ತೆ ಜಗ್ಗಿ ಅಳೆದ ಬಲವನ್ನೇ ಗಂಟಿನ ಆಯ್ಕೆಗೆ ಆಧಾರವಾಗಿಸಬೇಕು.