ಗೂಢ ಪದಬಂಧ: ಸ್ಪರ್ಧೆಗೆ ಸುಳುಹು ಬರೆಯುವ ಕಲೆ

ಕನ್ನಡ ಪತ್ರಿಕೆಗಳ ಪದಬಂಧದಲ್ಲಿ ಸುಳುಹೆಂದರೆ ಬಹುಮಟ್ಟಿಗೆ ಸಮಾನಾರ್ಥಕ ಪದ. ಇಂಗ್ಲಿಷಿನ ಗೂಢ ಪದಬಂಧದಲ್ಲಿ, ಅಂದರೆ 'ಕ್ರಿಪ್ಟಿಕ್ ಕ್ರಾಸ್‌ವರ್ಡ್'ನಲ್ಲಿ, ಸುಳುಹು ಒಂದು ಪುಟ್ಟ ವಾಕ್ಯ. ಅದರ ಒಂದು ತುದಿಯಲ್ಲಿ ಉತ್ತರದ ಅರ್ಥವಿರುತ್ತದೆ. ಉಳಿದ ಭಾಗದಲ್ಲಿ ಉತ್ತರವನ್ನು ಅಕ್ಷರಗಳಿಂದ ಕಟ್ಟುವ ದಾರಿ ಇರುತ್ತದೆ. ಮೇಲುನೋಟಕ್ಕೆ ಮಾತ್ರ ಆ ವಾಕ್ಯ ಮತ್ತೇನನ್ನೋ ಹೇಳುತ್ತಿರುತ್ತದೆ. ಇಂಥ ಸುಳುಹು ರಚಿಸುವುದಕ್ಕೆಂದೇ ಇಂಗ್ಲೆಂಡಿನಲ್ಲಿ ಸ್ಪರ್ಧೆಗಳು ಬೆಳೆದುಬಂದವು.

ಲಂಡನ್ನಿನ 'ದಿ ಅಬ್ಸರ್ವರ್' ವಾರಪತ್ರಿಕೆಯಲ್ಲಿ 1926ರಿಂದ 'ಟಾರ್ಕ್ವೆಮಾಡ' ಎಂಬ ಹೆಸರಿನಲ್ಲಿ ಎಡ್ವರ್ಡ್ ಪೊವಿಸ್ ಮ್ಯಾಥರ್ಸ್ ಅವರು ಪದಬಂಧ ರಚಿಸುತ್ತಿದ್ದರು. 1939ರಲ್ಲಿ ಅವರು ತೀರಿಕೊಂಡ ಬಳಿಕ ಶಾಲಾ ಅಧ್ಯಾಪಕರಾಗಿದ್ದ ಡಿ. ಎಸ್. ಮ್ಯಾಕ್‌ನಟ್ ಅವರು 'ಜಿಮಿನೀಸ್' ಎಂಬ ಹೆಸರಿನಿಂದ 1971ರವರೆಗೆ ಆ ಕೆಲಸ ಮುಂದುವರಿಸಿದರು. 1972ರಲ್ಲಿ ಜೊನಾಥನ್ ಕ್ರೌಥರ್ ಅವರು 'ಅಜೆಡ್' ಆದರು. ಮೊದಲ ಎರಡೂ ಸ್ಪೇನಿನ ಮತವಿಚಾರಣಾಧಿಕಾರಿಗಳ ಹೆಸರುಗಳು. ಮೂರನೆಯದು ಅಂಥವರಲ್ಲೇ ಒಬ್ಬನಾದ 'ಡೆಜಾ'ನ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಹಿಂದುಮುಂದಾಗಿಸಿದ್ದು. ಓದುಗರನ್ನು ಹಿಂಸಿಸುವ ವೃತ್ತಿಗೆ ತಕ್ಕ ಬಿರುದುಗಳೇ ಸರಿ!

ಜಿಮಿನೀಸರ ಸ್ಪರ್ಧೆಯ ಕ್ರಮ ಸರಳ. ಪದಬಂಧದ ಒಂದು ಪದಕ್ಕೆ ಬರಿಯ ಅರ್ಥವನ್ನಷ್ಟೇ ಕೊಡಲಾಗುತ್ತಿತ್ತು. ಓದುಗರು ಇಡೀ ಪದಬಂಧವನ್ನು ಬಿಡಿಸಿ, ಆ ಪದಕ್ಕೆ ತಾವೇ ಗೂಢ ಸುಳುಹು ಬರೆದು ಕಳುಹಿಸಬೇಕಾಗಿತ್ತು. ತೀರ್ಪಿನೊಡನೆ ತಪ್ಪುಒಪ್ಪುಗಳ ವಿಮರ್ಶೆಯೂ ಬರುತ್ತಿತ್ತು. ಆ ವಿಮರ್ಶೆಗಳಿಂದ ಪಕ್ವವಾದ ನಿಯಮಗಳನ್ನು ಅವರು 1966ರಲ್ಲಿ ಪುಸ್ತಕವಾಗಿಸಿದರು. ಸುಳುಹುಗಾರ ಓದುಗನ ಕಣ್ಣು ತಪ್ಪಿಸಬಹುದು, ಆದರೆ ಮೋಸ ಮಾಡಕೂಡದು ಎಂಬುದು ಅವುಗಳ ತಿರುಳು.

ಕನ್ನಡದಲ್ಲೇ ಒಂದು ಮಾದರಿ ಕಟ್ಟಿ ನೋಡೋಣ. 'ಹೊಳೆ ಹಿಮ್ಮುಖವಾಗಿ ಹರಿಯಲು ಇಪ್ಪತ್ನಾಲ್ಕು ಗಂಟೆ (2)'. ಹೊಳೆ ಎಂದರೆ 'ನದಿ'. ಅದು ಹಿಮ್ಮುಖವಾದರೆ 'ದಿನ'. ದಿನವೆಂದರೆ ಇಪ್ಪತ್ನಾಲ್ಕು ಗಂಟೆ. ಕೆಲಸವಿಲ್ಲದ ಪದ ಇಲ್ಲಿ ಒಂದೂ ಇಲ್ಲ. ಸೊಗಸಿಗೆಂದು 'ಭೋರ್ಗರೆದು' ಎಂದು ಸೇರಿಸಿದರೆ ತೀರ್ಪುಗಾರರು ಅಂಕ ಕಳೆಯುವರು. 'ಹೊಳೆ'ಯ ಬದಲು 'ಕಾವೇರಿ' ಎಂದರೂ ಆಕ್ಷೇಪವುಂಟು: ಕಾವೇರಿ ನದಿಯೇ, ಆದರೆ ನದಿಯೆಲ್ಲ ಕಾವೇರಿಯಲ್ಲ. 'ಕಾವೇರಿಯಂಥದು' ಎಂಬ ಸೂಚನೆಯಾದರೂ ಇರಬೇಕೆಂಬುದು ಜಿಮಿನೀಸ್ ಪಂಥದ ಹಟ. ಈ ಹಟ ನಮಗೆ ನ್ಯಾಯವಾಗಿಯೇ ತೋರುತ್ತದೆ. ಉತ್ತರ ಹೊಳೆದ ಕ್ಷಣದಲ್ಲಿ ಓದುಗನಿಗೆ ಸಂಶಯ ಉಳಿಯಬಾರದಲ್ಲವೆ?

ಕನ್ನಡದ ಮನೆಗಳಲ್ಲಿ ಕೂರುವುದು ಇಡೀ ಅಕ್ಷರ, ಗುಣಿತ ಒತ್ತುಗಳ ಸಮೇತ. ಆದುದರಿಂದ ಇಂಗ್ಲಿಷಿನವರಿಗೆ ಬಲು ಪ್ರಿಯವಾದ ಅಕ್ಷರಪಲ್ಲಟ ನಮ್ಮಲ್ಲಿ ಸುಲಭಕ್ಕೆ ಒದಗದು. ಪದಗಳನ್ನು ಜೋಡಿಸುವ ತಂತ್ರ ಮಾತ್ರ ಧಾರಾಳವಾಗಿ ಒಲಿಯುತ್ತದೆ. 'ಆನೆಯ ಹಿಂದೆ ಯುಗಾದಿಯ ಕಹಿ ಬಂದರೆ ಒಗ್ಗರಣೆಯ ಎಲೆ (4)': ಆನೆ 'ಕರಿ', ಯುಗಾದಿಯ ಕಹಿ 'ಬೇವು', ಕೂಡಿದರೆ 'ಕರಿಬೇವು'. ಅಡಗಿಸುವ ತಂತ್ರವೂ ಒಗ್ಗುತ್ತದೆ: 'ಅಮರಕೋಶದೊಳಗೆ ಅಡಗಿದ ವೃಕ್ಷ (2)' ಎಂದರೆ 'ಮರ'.

ತೊಡಕಿರುವುದು ವಿಭಕ್ತಿ ಪ್ರತ್ಯಯಗಳಲ್ಲಿ. ಇಂಗ್ಲಿಷಿನಲ್ಲಿ ಬಿಡಿಯಾಗಿ ನಿಲ್ಲುವ ಸಣ್ಣ ಪದಗಳ ಕೆಲಸವನ್ನು ನಮ್ಮಲ್ಲಿ ನಾಮಪದಕ್ಕೆ ಅಂಟಿದ ಪ್ರತ್ಯಯ ಮಾಡುತ್ತದೆ. 'ಆನೆಯ' ಎಂಬಲ್ಲಿನ ಷಷ್ಠಿಯನ್ನು 'ಹಿಂದೆ' ಎಂಬ ಪದ ಬೇಡುತ್ತದೆ, ಆದ್ದರಿಂದ ಅದು ಸಲ್ಲುತ್ತದೆ. ಉತ್ತರದ ಅರ್ಥ ಹೇಳುವ ಪದಕ್ಕೆ 'ಅನ್ನು', 'ಇಂದ' ಅಂಟಿಕೊಂಡು, ಉತ್ತರ ಮಾತ್ರ ಪ್ರಥಮಾ ವಿಭಕ್ತಿಯಲ್ಲಿದ್ದರೆ ಸಲ್ಲದು ಎಂಬುದು ನಮ್ಮ ಅಭಿಪ್ರಾಯ.

ಅಭ್ಯಾಸಕ್ಕೆ 'ಮೈಸೂರು' ಒಳ್ಳೆಯ ಪದ. 'ಮೈ', 'ಸೂರು' ಎಂದು ಅದು ತಾನಾಗಿಯೇ ಒಡೆಯುತ್ತದೆ. ದೇಹವನ್ನೂ ಮಾಡನ್ನೂ ದಸರೆಯ ಊರನ್ನೂ ಒಂದೇ ಸಹಜ ವಾಕ್ಯದಲ್ಲಿ ಹೊಂದಿಸುವ ಕೆಲಸವನ್ನು ಓದುಗರಿಗೆ ಬಿಟ್ಟಿದ್ದೇವೆ.