ಗಿಣಿಹಸಿರು ಕಿಟಕಿಯ ಪುರಾಣ

ಮನೆಗೆ ಗಿಣಿಹಸಿರು ಬಣ್ಣ ಹೊಡೆಸಬೇಕು ಅಂತ ಆಸೆಯೇ? ಶೇಡ್ ಕಾರ್ಡಿನಲ್ಲಿ ಅದಕ್ಕೆ ಲೈಮ್ ಅಂತಲೋ ಇನ್ನೇನೋ ಅಂತಲೋ ಇಂಗ್ಲಿಷ್ ಹೆಸರಿರುತ್ತೆ. ನಮ್ಮೂರಲ್ಲಿ ಗಿಣಿಹಸಿರು, ಅಷ್ಟೇ. ಬಸವನಗುಡಿಯ ಹಳೇ ಮನೆಯ ಕೆಂಪು ರೆಡ್ ಆಕ್ಸೈಡ್ ನೆಲಕ್ಕೆ ಅದು ಒಪ್ಪುತ್ತೆ ಕೂಡ. ಆದರೆ ಆ ಮನೆಗಳನ್ನ ಕಟ್ಟಿದ ಕಾಲಕ್ಕೆ ಈ ಬಣ್ಣ ಅಲ್ಲಿನ ಗೋಡೆ ಮೇಲೆ ನಿಲ್ಲುತ್ತಲೇ ಇರಲಿಲ್ಲ.

ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಂ ಮೂರೂ 1890ರ ದಶಕದಲ್ಲಿ ರೂಪುಗೊಂಡ ಬಡಾವಣೆಗಳು. 1898ರ ಪ್ಲೇಗ್ ಬಂದ ಮೇಲೆ ಪೇಟೆಯ ಇಕ್ಕಟ್ಟು ಬಿಟ್ಟು ಜನ ಇಲ್ಲಿಗೆ ಬಂದರು. ಗಾರೆ ಗೋಡೆಗೆ ಆಗ ಬಳಿಯುತ್ತಿದ್ದದ್ದು ಸುಣ್ಣ. ಬಣ್ಣ ಬೇಕಾದರೆ ಅದಕ್ಕೇ ಒಂದಿಷ್ಟು ಕಾವಿ, ಹಳದಿ ಮಣ್ಣು ಅಥವಾ ನೀಲಿ ಪುಡಿ ಬೆರೆಸಬೇಕು.

ಗಿಣಿಹಸಿರು ಯಾಕಿಲ್ಲ? ಸುಣ್ಣ ಕ್ಷಾರ. ಹತ್ತೊಂಬತ್ತನೇ ಶತಮಾನದಲ್ಲಿ ಅಗ್ಗದ ಹಸಿರು ಅಂದರೆ ಕ್ರೋಮ್ ಹಳದಿ ಮತ್ತು ಪ್ರಶ್ಯನ್ ನೀಲಿಯ ಮಿಶ್ರಣ. ಕ್ಷಾರ ತಾಗಿದರೆ ನೀಲಿ ಕಂದಾಗುತ್ತೆ, ಹಳದಿ ಕಿತ್ತಳೆಗೆ ತಿರುಗುತ್ತೆ. ಯುರೋಪಿನಲ್ಲಿ ವಾಲ್‌ಪೇಪರಿಗೆ ಬಳಸಿದ ಇನ್ನೊಂದು ಹಸಿರಿತ್ತು. 1775ರಲ್ಲಿ ಶೀಲೆ ಕಂಡುಹಿಡಿದದ್ದು. ಅದರಲ್ಲಿದ್ದದ್ದು ಪಾಷಾಣ, ಅಂದರೆ ಆರ್ಸೆನಿಕ್!

ಹಾಗಾಗಿ ಕ್ರೋಮ್ ಹಸಿರಿಗೆ ಸರಿಯಾದ ಜಾಗ ಎಣ್ಣೆ ಬಣ್ಣ. ಮರದ ಕಿಟಕಿ, ಬಾಗಿಲು, ಕಬ್ಬಿಣದ ಸರಳಿನ ಮೇಲೆ ಅದು ವರ್ಷಗಟ್ಟಲೆ ನಿಲ್ಲುತ್ತೆ. ಸುಣ್ಣಕ್ಕೂ ಜಗ್ಗದ ಥ್ಯಾಲೋಸಯನಿನ್ ಹಸಿರು ಮಾರುಕಟ್ಟೆಗೆ ಬಂದದ್ದು 1930ರ ದಶಕದಲ್ಲಿ. ಇವತ್ತು ಅಂಗಡಿಯ ಮಷೀನು ನಿಮಿಷದಲ್ಲಿ ಕಲಸಿಕೊಡೋ ಹಸಿರಿನ ಹಿಂದೆ ಇರೋದು ಹೆಚ್ಚಾಗಿ ಅದೇ.

ಕ್ರೋಮ್ ಹಳದಿಯ ಒಳಗಿನ ಗುಟ್ಟು ಮಾತ್ರ ಸೀಸ, ಅಂದರೆ ಲೆಡ್. ಅದು ಮಕ್ಕಳ ಮಿದುಳಿಗೆ ಪೆಟ್ಟು ಕೊಡುತ್ತೆ. ಇದನ್ನ ದೇಶಕ್ಕೆ ಎತ್ತಿ ಹೇಳಿದವರಲ್ಲಿ ನಮ್ಮ ಬೆಂಗಳೂರಿನವರೇ ಮುಂದಿದ್ದರು: ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಮತ್ತು ಜಾರ್ಜ್ ಫೌಂಡೇಷನ್. ಫೌಂಡೇಷನ್ 1999ರಲ್ಲಿ ಹೊರತಂದ ಸಮೀಕ್ಷೆಯ ಪ್ರಕಾರ, ದೊಡ್ಡ ನಗರಗಳಲ್ಲಿ ಪರೀಕ್ಷಿಸಿದ 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯ ರಕ್ತದಲ್ಲಿ ಸೀಸ ಆಗಿನ ಮಿತಿ ಮುಟ್ಟಿತ್ತು ಅಥವಾ ಮೀರಿತ್ತು. ಅದರಲ್ಲಿ ಪೆಟ್ರೋಲಿನ ಪಾಲೂ ಇತ್ತು. ಸೀಸ ಬೆರೆತ ಪೆಟ್ರೋಲ್ 2000ದಲ್ಲಿ ನಿಂತಿತು. ಪೇಂಟಿನ ಸರದಿ ಬರೋಕೆ ಇನ್ನೂ 17 ವರ್ಷ ಹಿಡಿಯಿತು: 2016ರ ನಿಯಮ ಜಾರಿಯಾಗಿ ಮನೆ ಪೇಂಟಿನಲ್ಲಿ ಸೀಸ 90 ಪಿಪಿಎಂ ಮೀರಬಾರದು ಅಂತಾದದ್ದು 2017ರ ನವೆಂಬರ್‌ನಲ್ಲಿ.

ಕಾನೂನು ಹೊಸ ಡಬ್ಬಕ್ಕೆ ಅನ್ವಯಿಸುತ್ತೆ. ನಿಮ್ಮ ಕಿಟಕಿ ಮೇಲೆ ಪದರ ಪದರವಾಗಿ ಕೂತಿರೋ ಹಳೇದಕ್ಕೆ ಅಲ್ಲ. ಹಳೇ ಮನೆ ಹಿಡಿದವರು ಮೊದಲು ಮಾಡಿಸೋದೇ ಆ ಎನಾಮಲ್ ಉಜ್ಜಿಸಿ ಮರ ತೆಗೆಸೋದು. ಒಣಗಿದ್ದಂತೆಯೇ ಉಜ್ಜಿದರೆ ಪುಡಿಯೆಲ್ಲ ನೆಲಕ್ಕೆ ಬೀಳುತ್ತೆ. ಅದೇ ನೆಲದ ಮೇಲೆ ಕೂಸು ಅಂಬೆಗಾಲಿಡುತ್ತೆ, ಕೈ ಬಾಯಿಗೆ ಹಾಕುತ್ತೆ. ಪೇಂಟರ್ ಅಣ್ಣನಿಗಂತೂ ಅದು ದಿನಾ ಕುಡಿಯೋ ಗಾಳಿ.

ಹಳೇ ಪದರ ಗಟ್ಟಿಯಾಗಿದ್ದರೆ ಅದರ ಮೇಲೇ ಹೊಸದು ಹೊಡೆಸಿ. ಕೀಳಲೇಬೇಕಾದರೆ ನೀರು ಚಿಮುಕಿಸಿ ಉಜ್ಜಿಸಿ, ಅಣ್ಣನಿಗೆ ಒಳ್ಳೆ ಮಾಸ್ಕ್ ಕೊಡಿಸಿ, ಮಕ್ಕಳನ್ನೂ ಬಸುರಿಯರನ್ನೂ ಆ ದಿನಗಳಲ್ಲಿ ಬೇರೆ ಕಡೆ ಇರಿಸಿ. ಪುಡಿ ಗುಡಿಸಬೇಡಿ, ಒದ್ದೆ ಬಟ್ಟೇಲಿ ಒರೆಸಿ. ಆಮೇಲೆ ಧಾರಾಳವಾಗಿ ಗಿಣಿಹಸಿರು ಹೊಡೆಸಿ.